ನವಣೆ ಅನ್ನ ಕಲಿತದ್ದು

ಯಲಬುರ್ಗಾ, ೧೯೮೪

ಅತ್ತೆಯವರೇ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಈಗ ನಿಮ್ಮ ಮಗನಿಗೆ ಸಕ್ಕರೆ ಕಾಯಿಲೆ. ಅಕ್ಕಿ ಬಿಟ್ಟು ನವಣೆ ಉಣ್ಣಲು ಡಾಕ್ಟರು ಹೇಳಿದ್ದಾರೆ. ನಾನು ಮಾಡಿದ್ದು ಎರಡು ಸಲ ಮುದ್ದೆಯಾಯಿತು, ಮಕ್ಕಳು ಮುಟ್ಟಲಿಲ್ಲ. ಇವತ್ತು ಪಕ್ಕದ ಮನೆಯ ಪಕ್ಕೀರವ್ವನನ್ನು ಕೇಳಲು ಹೋದೆ.

"ಒಂದು ತಾಸು ನೆನಿ ಹಾಕ್ರಿ, ನೀರು ಕುದ್ದಮ್ಯಾಲ ಸುರೀರಿ," ಎಂದಳು. "ನನಗ ನಿಮ್ಮ ಅತ್ತಿಯವರೇ ಕಲಿಸ್ಯಾರ. ನೀವು ಆಫೀಸಿಗೆ ಹೋದಮ್ಯಾಲ ಸೀರಿ ಉಡ್ಯಾಗ ನವಣಿ ಕಟ್ಕೊಂಡು ಬಂದು, ಇಲ್ಲೇ ಮಾಡ್ಕೊಂಡು ಉಣತಿದ್ರು."

ನೌಕರಿಯವರ ಮನೆಯಲ್ಲಿ ಇದನ್ನೆಲ್ಲ ಬೇಯಿಸಬೇಡಿ ಎಂದು ನಿಮಗೆ ಹೇಳಿದವಳು ನಾನೇ.

"ನನ್ನ ಬಗ್ಗೆ ಏನಂತಿದ್ರು?"

"ನಮ್ಮ ಸೊಸಿಗೆ ಪಾಪ ಪುರಸತ್ತಿಲ್ಲ ಅಂತಿದ್ರು."

ಮಧ್ಯಾಹ್ನ ಅನ್ನ ಉದುರಾಗಿ ಬಂತು. ಎಲ್ಲರೂ ಉಂಡರು. ಯಾರು ಕಲಿಸಿದರೆಂದು ನಿಮ್ಮ ಮಗ ಕೇಳಿದರು. ಪಕ್ಕೀರವ್ವನ ಹೆಸರನ್ನಷ್ಟೇ ಹೇಳಿದೆ.

ನಿಮ್ಮ ಸೊಸೆ,
ಶಾಂತಾ