ಬದುಕಿದ್ದವನ ಎಡೆ

ಸೆಪ್ಟೆಂಬರ್ 4, 1944. ಸೋಮವಾರ

ಬೆಳಿಗ್ಗೆಯಿಂದ ಇಪ್ಪತ್ತಾರು ಹುಣ್ಣು ತೊಳೆದೆ. ಬ್ಯಾಂಡೇಜ್ ಬಟ್ಟೆ ಮುಗಿಯಿತು. ಯುದ್ಧವಲ್ಲವೇ, ಬಟ್ಟೆ ಮಿಲಿಟರಿಗೆ ಮೊದಲು, ಮರ್ಫಿ ಟೌನಿನ ನಮ್ಮ ಮಿಷನ್ ದವಾಖಾನೆಗೆ ಆಮೇಲೆ. ಹಳೆಯ ಪಂಚೆ ಕುದಿಸಿ, ಹರಿದು ಸುತ್ತಿದೆ. ಸಾಬಿರಾ ಬಂದಿದ್ದಳು — ಬ್ಲಾಕ್‌ಪಲ್ಲಿಯಿಂದ, ಹುಣ್ಣಿನ ಕಾಲಲ್ಲಿ, ಕೋಲೂರಿಕೊಂಡು. ಆರು ವಾರವಾದರೂ ಹುಣ್ಣು ಮಾಯುತ್ತಿಲ್ಲ.

"ಕ್ಯಾ ರೇ ಯೋಹಾನಪ್ಪ, ಮುಖ ಯಾಕೆ ಹಂಗೆ? ನೋವು ನನ್ಗೋ, ನಿನ್ಗೋ?" ಅಂದಳು.

ನಕ್ಕೆ. ನಕ್ಕೆ ಅಂದರೆ, ಹಲ್ಲು ತೋರಿಸಿದೆ.

ಹುಣ್ಣು ತೊಳೆಯುವ ಕಾರ್ಬಾಲಿಕ್ ವಾಸನೆ ಅನ್ನದಲ್ಲೂ ಬರುತ್ತದೆ. ಅಭ್ಯಾಸವಾಗಿದೆ.

ಸೆಪ್ಟೆಂಬರ್ 7, ಗುರುವಾರ

ರಸೆಲ್ ಮಾರ್ಕೆಟ್ಟಿಗೆ ಸೊಪ್ಪು ತಂದಿದ್ದ ಪಿಳ್ಳಪ್ಪ ಸಿಕ್ಕಿದ. ನಮ್ಮ ಮಾರತ್ತಹಳ್ಳಿಯವನೇ, ಜೊತೆಯಲ್ಲಿ ದನ ಕಾಯ್ದವನು. ಗಾಡಿಯ ಆ ಕಡೆ ಅವನು, ಈ ಕಡೆ ನಾನು. ಸುತ್ತಿ ಈಚೆ ಬರಲಿಲ್ಲ.

"ಈ ಸಲ ಪಕ್ಷಕ್ಕೆ ನಿಮ್ಮಣ್ಣ ಬೈಲಪ್ಪ ನಿಂಗೂ ಎಡೆ ಇಕ್ತಾನಂತೆ ಕಣೋ."

"ನಾನು ಬದುಕಿದ್ದೀನಲ್ಲೋ."

"ಅದು ನಿಂಗ್ ಗೊತ್ತು, ನಂಗ್ ಗೊತ್ತು. ಊರಿಗ್ ಗೊತ್ತಿಲ್ವಲ್ಲಪ್ಪ."

ಈಸ್ಟರ್ ದಿನ ದೀಕ್ಷಾಸ್ನಾನ ಆಯಿತು, ಮುನಿರಾಜ ಹೋಗಿ ಯೋಹಾನಪ್ಪನಾದೆ. ಹನ್ನೊಂದನೇ ದಿನ ಅಣ್ಣ ತಲೆ ಬೋಳಿಸಿಕೊಂಡು ನನ್ನ ತಿಥಿ ಮಾಡಿದ. ಆ ಸುದ್ದಿ ತಂದವನೂ ಈ ಪಿಳ್ಳಪ್ಪನೇ. ಊಟ ಚೆನ್ನಾಗಿತ್ತಂತೆ. ಯೇಸುವನ್ನಾದರೂ ಸಹಿಸುತ್ತಿದ್ದರೇನೋ... ಕಂಡಕಂಡವರ ಕೀವು ತೊಳೆದು, ಅವರ ಮನೆಯಲ್ಲೇ ಕೂತು ಉಂಡದ್ದನ್ನು ಸಹಿಸಲಾಗಲಿಲ್ಲ.

ಅಮ್ಮ ಹೇಗಿದ್ದಾಳೆ ಎಂದು ಕೇಳಿದೆ. "ನಿನ್ ಹೆಸರೇ ಎತ್ತಲ್ಲ. ಎತ್ತಿದ್ರೆ ಮನೆಯಿಂದ ಆಚೆ ಹಾಕ್ತೀನಿ ಅಂದವ್ನೆ ನಿಮ್ಮಣ್ಣ."

ಒಂದು ಸಲ ಅಮ್ಮ ನನ್ನ ಹೆಸರು ಹಿಡಿದು ಕರೆದರೆ ಸಾಕು. ಬೇರೇನೂ ಬೇಡ. ಬರೆದದ್ದನ್ನು ಓದಿ ನೋಡಿದೆ. ಅಳು ಬರಲಿಲ್ಲ.

ಸೆಪ್ಟೆಂಬರ್ 10, ಭಾನುವಾರ

ಚರ್ಚಿನ ಪ್ರಸಂಗದಲ್ಲಿ ಪಾದ್ರಿ ಅಯ್ಯನವರು ಹೇಳಿದರು — ವಿಗ್ರಹಕ್ಕೆ ಇಟ್ಟದ್ದು, ಸತ್ತವರಿಗೆ ಇಟ್ಟದ್ದು, ಒಂದು ತುತ್ತೂ ಬಾಯಿಗೆ ಹೋಗಕೂಡದು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನನ್ನನ್ನು ತಡೆದರು.

"ಹೊಸಬರು ಜಾರೋದೇ ಈ ಅಮಾವಾಸ್ಯೇಲಿ. ಹೋದ ವರ್ಷ ಸಂಜೀವಪ್ಪ ಊರಿಗೆ ಹೋಗಿ ಎಡೆ ತಿಂದು ಬಂದ. ಈಗ ಇಲ್ಲಿದ್ದಾನಾ?"

ಇಲ್ಲ. ಅವನ ಕೆಲಸವೇ ಈಗ ನನ್ನದು, ಅವನು ಮಲಗುತ್ತಿದ್ದ ಚಾಪೆಯೂ.

"ನಾನು ಊರಿಗೆ ಹೋಗಲ್ಲ ಅಯ್ಯನವ್ರೇ," ಅಂದೆ. ನಿಜವೇ. ಕರೆದವರು ಯಾರು?

ಸೆಪ್ಟೆಂಬರ್ 17, ಭಾನುವಾರ, ಅಮಾವಾಸ್ಯೆ. ಮಧ್ಯಾಹ್ನ ಮೂರೂವರೆ

ಅಮ್ಮ ಬಂದಿದ್ದಾಳೆ.

ಕ್ರಮವಾಗಿ ಬರೆಯುತ್ತೇನೆ.

ಭಾನುವಾರ ದವಾಖಾನೆಗೆ ರಜೆ. ಸಾಬಿರಾಗೆ ಮಾತ್ರ ದಿನವೂ ಕಟ್ಟಬೇಕು. ಅವಳ ಕಾಲು ಕಟ್ಟಿ ತಲೆ ಎತ್ತಿದರೆ ಬಾಗಿಲಲ್ಲಿ ಅಮ್ಮ. ಐದು ಮೈಲಿ ನಡೆದು ಬಂದಿದ್ದಾಳೆ, ತಲೆಯ ಮೇಲೆ ಕುಕ್ಕೆ. ನನ್ನ ಕಡೆ ನೋಡಲಿಲ್ಲ. ಸಾಬಿರಾಗೆ ಹೇಳಿದಳು:

"ಸ್ವಲ್ಪ ಎದ್ದು ಆಚೆ ಬಾಮ್ಮ. ಎಡೆ ಇಕ್ಬೇಕು."

"ಯಾರಿಗಮ್ಮಾ?"

"ನನ್ ಮಗನ್ಗೆ. ಯುಗಾದಿ ಆದ್ಮೇಲೆ ಹೋಗ್ಬಿಟ್ಟ."

"ಮನೇಲಿ ಇಕ್ಲಿಲ್ವಾ?"

"ಅವ್ರಣ್ಣ ಇಕ್ದ. ಆ ಮನೇಗ್ ಬರಕ್ಕೆ ಇವ್ನಿಗೆ ದಾರಿ ಎಲ್ಲೈತಮ್ಮ? ಅದ್ಕೇ ಇದ್ದಲ್ಲಿಗೇ ತಂದೆ."

ಸಾಬಿರಾ ನನ್ನ ಮುಖ ನೋಡಿದಳು. ಕೋಲು ಹಿಡಿದು ಎದ್ದು ಹೋದಳು.

"ಅಮ್ಮ," ಅಂದೆ. ಕೇಳಿಸಿಕೊಳ್ಳಲಿಲ್ಲ. ನೆಲ ಒರೆಸಿದಳು. ಎಲೆ ಹಾಕಿದಳು. ಮುದ್ದೆ, ಹುರುಳಿಕಾಳಿನ ಸಾರು, ಎರಡು ಕಜ್ಜಾಯ. ಕೈ ಮುಗಿದಳು.

"ಮುನಿರಾಜಾ, ಬಾರಪ್ಪ. ಹೊಟ್ಟೆ ತುಂಬ ಉಣ್ಣು."

ಹೆಸರು ಹಿಡಿದೇ ಕರೆದಳು. ಎಲೆಯನ್ನು ನೋಡಿಕೊಂಡು ಕರೆದಳು.

ಆಮೇಲೆ ನನ್ನನ್ನು ಒಳಗೇ ಬಿಟ್ಟು ಆಚೆ ಹೋಗಿ ಬಾಗಿಲು ಎಳೆದುಕೊಂಡಳು. ನಮ್ಮಲ್ಲಿ ಹಾಗೇ — ಎಡೆ ಇಟ್ಟ ಮೇಲೆ ಬದುಕಿದ್ದವರು ಆಚೆ ಕೂರಬೇಕು, ಸತ್ತವರು ಒಳಗೆ ಬಂದು ಸಂಕೋಚವಿಲ್ಲದೆ ಉಣ್ಣಬೇಕು. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ ಬಾಗಿಲು ತೆಗೆಯುತ್ತಾರೆ. ಕೆಮ್ಮಿದರೆ ಒಳಗಿದ್ದವರು ಹೊರಡಬೇಕು ಎಂದು ಅರ್ಥ.

ಚಿಕ್ಕವನಾಗಿದ್ದಾಗ ನಾನೂ ಆಚೆ ಕೂತು ಕಾಯುತ್ತಿದ್ದೆ. ಕಜ್ಜಾಯದ ಆಸೆಗೆ.

ಮೂರೂ ಮುಕ್ಕಾಲು

ಉಂಡೆ.

ಅಯ್ಯನವರಿಗೆ ನಾನೇ ಹೇಳುತ್ತೇನೆ, ಬೇರೆಯವರು ಹೇಳುವ ಮೊದಲು. ಕೆಲಸ ಹೋಗುತ್ತದೆ. ಸಾಬಿರಾ ಕಾಲು ಯಾರು ಕಟ್ಟುತ್ತಾರೋ... ಪ್ರಾರ್ಥನೆ ಮಾಡಿ ಉಂಡೆನೋ, ಇಲ್ಲವೋ, ಅದೂ ನೆನಪಿಲ್ಲ.

ಸಾರಿಗೆ ಉಪ್ಪಿಲ್ಲ. ಎಡೆಯ ಅಡುಗೆಯನ್ನು ರುಚಿ ನೋಡುವ ಹಾಗಿಲ್ಲವಲ್ಲ. ಮೊದಲೆಲ್ಲ ಅಮ್ಮನ ಕೈ ಅಳತೆ ತಪ್ಪುತ್ತಿರಲಿಲ್ಲ. ಉಪ್ಪಿಲ್ಲಮ್ಮ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಬಳಿದು ಉಂಡೆ.

ಈಗ ಹೊಳೆಯಿತು. ಎಂಥ ಕೆಲಸ ಮಾಡಿಬಿಟ್ಟೆ! ಯಾವ ಸತ್ತವರೂ ಎಡೆ ಖಾಲಿ ಮಾಡುವುದಿಲ್ಲ. ಬಾಗಿಲು ತೆಗೆದಾಗ ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು, ಆಮೇಲೆ ನಾವೇ ಹಂಚಿಕೊಂಡು ತಿನ್ನುತ್ತಿದ್ದೆವು. ಒಂದು ತುತ್ತು ತಿಂದು ಬಿಟ್ಟಿದ್ದರೆ ಅವಳು ನೋಡಿಯೂ ನೋಡದ ಹಾಗೆ ಎಲೆ ಮಡಚಿಕೊಂಡು ಹೋಗಬಹುದಿತ್ತು. ಮಗ ಸತ್ತವನೆಂದೇ ನಂಬಿ ನಾಳೆ ಊರಲ್ಲಿ ನೆಮ್ಮದಿಯಾಗಿರಬಹುದಿತ್ತು.

ಕೆಮ್ಮಿದಳು.

ಈ ಕೋಣೆಗೆ ಇರುವುದು ಒಂದೇ ಬಾಗಿಲು.

ಮತ್ತೆ ಕೆಮ್ಮಿದಳು. ಹೊರಡಲು ಹೊತ್ತು ಕೊಡುತ್ತಿದ್ದಾಳೆ. ಚಿಲಕದ ಸದ್ದು. ಎಲೆ ಖಾಲಿ, ನಾನು ಇಲ್ಲೇ —