ಮೂಳೆಗಳ ಹೆಸರು ಬರೆದ ಕೈ

ಪೋರ್ಟ್ಸ್‌ಮತ್, ಒಹಾಯೊ
ಭಾನುವಾರ, ಏಪ್ರಿಲ್ 16, 2023

ನನ್ನ ಮೊಂಡು ಮಗಳು ಕ್ಯಾಸಿಡಿಗೆ ಅಮ್ಮನ ಮುತ್ತುಗಳು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನೀನಿರುವ ಪಾಟ್ಸಿ ಚಿಕ್ಕಮ್ಮನ ಮನೆಗೆ ಬಂದ ಪತ್ರವನ್ನು ನೀನು ಓದದೆ ಹರಿದು ಹಾಕಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಮೊದಲು ಸುದ್ದಿ, ಆಮೇಲೆ ಜಗಳ. ನನ್ನ ಓದಿನ ಸಾಲ ಮನ್ನಾ ಆಯಿತು. ಪೂರ್ತಿ. ಹದಿಮೂರು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಗುರುವಾರದಿಂದ ಬೆಳಿಗ್ಗೆ ಏಳುವಾಗ ಏನೋ ಮರೆತಂತೆ ಅನಿಸುತ್ತದೆ. ಆಮೇಲೆ ನೆನಪಾಗುತ್ತದೆ, ನಾನು ಮರೆತಿರುವುದು ಹೆದರಿಕೆಯನ್ನು.

ಇನ್ನು ನಿನ್ನ ಅಮ್ಮನ ಪೆದ್ದುತನ ಕೇಳು. ಆ ಮೋಸದ ಫೋನುಗಳು ನಿನಗೆ ನೆನಪಿರಬೇಕು. 'ಮೇಡಂ, ನಿಮ್ಮ ಸಾಲ ಮನ್ನಾ ಆಗಿದೆ, ಬ್ಯಾಂಕ್ ನಂಬರ್ ಕೊಡಿ' ಎಂದು ದಿನಕ್ಕೆರಡು ಸಲ ಬರುತ್ತಿದ್ದವಲ್ಲ. ಒಬ್ಬನ ಜನ್ಮ ನಾನು ಜಾಲಾಡುತ್ತಿದ್ದರೆ ನೀನು ಸೋಫಾದ ಮೇಲೆ ಬಿದ್ದು ನಗುತ್ತಿದ್ದೆ. ಹಾಗಾಗಿ ಫೆಬ್ರವರಿಯಲ್ಲಿ ನಿಜವಾದ ಪತ್ರ ಬಂದಾಗ, ಕಳ್ಳರು ಈಗ ಅಂಚೆಗೂ ಇಳಿದರು ಅಂದುಕೊಂಡೆ. ಹಿಂಬದಿ ಖಾಲಿ ಇತ್ತು. ಮೊಟ್ಟೆ, ಸೋಪಿನ ಪುಡಿ, ಬೆಕ್ಕಿನ ಊಟ ಎಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಆರು ವಾರ ಅದು ಅಲ್ಲೇ ನೇತಾಡಿತು.

ಪಕ್ಕದ ಮನೆಯ ಓರ್ವಿಲ್ ಕಾಫಿಗೆ ಬಂದವನು ಹಾಲು ತೆಗೆಯಲು ಹೋಗಿ ಅದನ್ನು ತಿರುಗಿಸಿ ನೋಡಿದ. ಜೀವಮಾನವೆಲ್ಲ ಅಂಚೆಯವನಾಗಿದ್ದವನು, ಬಿಡುತ್ತಾನೆಯೇ? "ನೊರೀನ್, ಮೂವತ್ತೊಂದು ವರ್ಷ ಟಪಾಲು ಹಂಚಿದೀನಿ ಕಣಮ್ಮಾ. ಕಳ್ಳರು ಏನಾದ್ರೂ ಕೇಳ್ತಾರೆ. ಇದ್ರಲ್ಲಿ ಏನೂ ಕೇಳೇ ಇಲ್ಲ, ಸಾಲ ತೀರ್ತು ಅಂತಿದೆ ಅಷ್ಟೆ. ಫೋನ್ ಮಾಡೇ ಪೆದ್ದೀ!" ಎಂದ.

ಸರ್ಕಾರದ ನಂಬರನ್ನು ಅವನೇ ಹುಡುಕಿ ಕೊಟ್ಟ. ಫೋನ್ ಎತ್ತಿದ ಹೆಂಗಸನ್ನೂ ನಾನು ಬಿಡಲಿಲ್ಲ. "ನೀನು ಕಳ್ಳಿ ಅಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?" ಎಂದೆ. "ಮೇಡಂ, ಫೋನ್ ಮಾಡಿದ್ದು ನೀವು," ಎಂದಳು ಆ ಪುಣ್ಯಾತ್ಗಿತ್ತಿ. ನನ್ನ ಕಾಲೇಜು ಸುಳ್ಳು ಹೇಳಿ ಹುಡುಗರನ್ನು ಸೇರಿಸಿಕೊಂಡಿತ್ತು ಎಂದು ಸಾಬೀತಾಗಿದೆಯಂತೆ. "ಮೂರು ವರ್ಷದ ಹಿಂದೆ ನೀವೇ ಅರ್ಜಿ ಹಾಕಿದ್ರಲ್ಲಾ, ಅದು ಮಂಜೂರಾಗಿದೆ," ಎಂದಳು. 'ನಾನಾ?' ಎಂದು ಕೇಳಲು ಹೋದವಳು ನಾಲಿಗೆ ಕಚ್ಚಿಕೊಂಡೆ. ಅರ್ಜಿಯ ನನ್ನ ಪ್ರತಿ ಕಳೆದುಹೋಗಿದೆ, ಇನ್ನೊಂದು ಕಳಿಸು ಎಂದು ಸುಳ್ಳು ಹೇಳಿದೆ.

ಗುರುವಾರ ಅದು ಬಂತು. ಕಾಲೇಜಿನಿಂದ ನಿಮಗೆ ಏನು ಅನ್ಯಾಯವಾಯಿತು ಎಂಬ ಪ್ರಶ್ನೆಯ ಕೆಳಗೆ ನಾನು ಬರೆದೆನಂತೆ: 'ಎಲ್ಲರಿಗೂ ಕೆಲಸ ಸಿಗುತ್ತದೆ ಎಂದು ಹೇಳಿದ್ದರು. ಯಾವ ಆಸ್ಪತ್ರೆಯೂ ನನ್ನ ಸರ್ಟಿಫಿಕೇಟನ್ನು ಒಪ್ಪಲಿಲ್ಲ. ಆದರೆ ನಾನು ನಿಜವಾಗಿ ಓದಿದ್ದೆ. ಅಡುಗೆಮನೆಯ ನೆಲದಲ್ಲಿ ಕೂತು ಮಗಳ ಕೈಮೇಲೆ ಪೆನ್ನಿನಿಂದ ಮೂಳೆಗಳ ಹೆಸರು ಬರೆದು ಕಲಿತೆ. ಅವಳು ಅದು ಅಳಿಸಬಾರದೆಂದು ಎರಡು ದಿನ ಆ ಕೈ ತೊಳೆಯಲೇ ಇಲ್ಲ.'

ಕ್ಯಾಸ್, ಆಗ ನಿನಗೆ ಆರು ವರ್ಷ. ಶಾಯಿ ಹೋಗುತ್ತಿಲ್ಲ ಅಮ್ಮಾ, ಸೋಪು ಸರಿಯಿಲ್ಲ ಎಂದಿದ್ದೆ ನನಗೆ. ನಾನು ಈವರೆಗೂ ಅದನ್ನೇ ನಂಬಿದ್ದೆ. ಹದಿನಾರನೆಯ ವಯಸ್ಸಿನಲ್ಲಿ ಬಹುಶಃ ಲೈಬ್ರರಿಯ ಕಂಪ್ಯೂಟರ್ ಮುಂದೆ ಕೂತು ನೀನು ನನ್ನ ಹೆಸರಿನಲ್ಲಿ ಇದನ್ನು ಬರೆದಿದ್ದೀಯ, ಒಂದು ಮಾತೂ ಆಡಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಬಿಕ್ಕಿಬಿಕ್ಕಿ ಅತ್ತೆ, ಆಮೇಲೆ ನಕ್ಕೆ. ಬೆಕ್ಕು ಹೆದರಿ ಓಡಿಹೋಯಿತು.

ಈಗ ಜಗಳ. ಹೋದ ಆಗಸ್ಟಿನಲ್ಲಿ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದರೂ ನೀನು ಟೊಲೀಡೊದ ಗೋದಾಮಿನ ಕೆಲಸಕ್ಕೆ ಹೊರಟಾಗ ನಾನು ಕೂಗಾಡಿದೆ. "ಕಾಲೇಜು ಅಂದ್ರೆ ಕಸ ಅಂತ ಹೇಳಿಕೊಟ್ಟಿದ್ದೇ ನೀನು," ಎಂದೆ ನೀನು. ಅದು ನಿಜ. ಪ್ರತಿ ತಿಂಗಳು ಸಾಲದ ಕಂತು ಕಟ್ಟುವಾಗ ನಿನ್ನೆದುರೇ ಶಾಪ ಹಾಕಿದ್ದೇನೆ. ಒಂದು ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ. ಆ ಕಾಲೇಜಿನಲ್ಲಿ ಓದಿದ ಹದಿನೆಂಟು ತಿಂಗಳು ನನ್ನ ಬದುಕಿನ ಅತ್ಯಂತ ಸುಖದ ದಿನಗಳು. ಸರ್ಟಿಫಿಕೇಟನ್ನು ಸುಟ್ಟೆ ಎಂದಿದ್ದೆನಲ್ಲ, ಸುಟ್ಟಿಲ್ಲ. ಕನ್ನಡಿಯ ಹಿಂದೆ ಇದೆ. ವೃದ್ಧಾಶ್ರಮದ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳಾದರೂ, ಹೋದ ಚಳಿಗಾಲದಲ್ಲಿ ಒಬ್ಬ ಅಜ್ಜಿಯ ಬಾಯಿ ಸೊಟ್ಟಗಾಗುತ್ತಿರುವುದನ್ನು ಮೊದಲು ಕಂಡು ಡಾಕ್ಟರನ್ನು ಕೂಗಿದವಳು ನಾನು. ಅಜ್ಜಿ ಬದುಕಿದಳು. ಈಗಲೂ ನನ್ನನ್ನು ನರ್ಸ್ ಎಂದೇ ಕರೆಯುತ್ತಾಳೆ, ನಾನು ತಿದ್ದುವುದಿಲ್ಲ.

ಮೋಸ ಮಾಡಿದ್ದು ಆ ಕಾಲೇಜು, ಓದು ಅಲ್ಲ. ಇದನ್ನು ನಾನು ನಿನಗೆ ಹೇಳಬೇಕಿತ್ತು, ನೀನೇ ಸರ್ಕಾರಕ್ಕೆ ಹೇಳಿದೆ. ನಿನ್ನ ಸೀಟನ್ನು ಮೇ ಒಂದರವರೆಗೆ ಹಿಡಿದಿಟ್ಟಿದ್ದಾರೆ. ನಿನ್ನದು ಸರ್ಕಾರಿ ಕಾಲೇಜು, ನಾನೂ ಓರ್ವಿಲ್ಲೂ ಎರಡು ಸಲ ವಿಚಾರಿಸಿದ್ದೇವೆ. ಅಲ್ಲಿ ಓದಿದವರು ನಮ್ಮ ವೃದ್ಧಾಶ್ರಮದಲ್ಲೇ ಮೂವರು ನರ್ಸುಗಳಿದ್ದಾರೆ. ನನ್ನ ಕಂತಿನ ಹಣ ಇನ್ನು ಮೇಲೆ ಉಳಿಯುತ್ತದೆ. ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಗೊತ್ತು. ನಿನಗೆ ಬೇಡವಾದರೆ ಬೇಡ, ಗೋದಾಮಿನಲ್ಲೇ ಇರು, ನಾನು ಕೂಗಾಡುವುದಿಲ್ಲ. ಆದರೆ ನನ್ನ ಹೆದರಿಕೆಯಿಂದ ಬೇಡ ಅನ್ನಬೇಡ. ಅದು ಮನೆಯಿಂದ ಹೋಗಿಯಾಯಿತು.

ಇನ್ನು ಮೇಲೆ ಯಾರ ಫೋನ್ ಬಂದರೂ ಬಯ್ಯದೆ ಎತ್ತುವ
ನಿನ್ನ ಅಮ್ಮ,
ನೊರೀನ್

ಮರೆತಿದ್ದೆ: ಕಾಲೇಜಿನ ಒಪ್ಪಿಗೆಯ ಫಾರಂ ಇದರೊಳಗಿದೆ. ನೀನು ನನ್ನ ಹೆಸರಿನಲ್ಲಿ ಬರೆದ ಹಾಗೆ ನಾನೂ ನಿನ್ನ ಹೆಸರಿನಲ್ಲಿ ಬರೆದುಬಿಡೋಣ ಎಂದು ನಿನ್ನೆ ಪೆನ್ನು ಹಿಡಿದು ಕೂತಿದ್ದೆ. ಬರೆಯಲಿಲ್ಲ, ಫಾರಂ ಖಾಲಿಯೇ ಇದೆ. ಆದರೆ ಕೈಯಲ್ಲಿದ್ದ ಪೆನ್ನನ್ನು ಸುಮ್ಮನೆ ಇಡಲು ಮನಸ್ಸಾಗದೆ, ನನ್ನ ಎಡಗೈಯ ಮೇಲೆ ಮಣಿಕಟ್ಟಿನ ಎಂಟೂ ಮೂಳೆಗಳ ಹೆಸರು ಬರೆದೆ. ಒಂದೂ ಮರೆತಿಲ್ಲ ಕಣೇ. ಇವತ್ತಿಗೆ ಎರಡನೆಯ ದಿನ, ಇನ್ನೂ ತೊಳೆದಿಲ್ಲ.