ಕೆಣಕಿ ಆರಿಸಿದವನು

ಮಾರ್ಚ್ ೧೩, ಗುರುವಾರ.

ಹುಬ್ಬಿಗೆ ಹೊಲಿಗೆ ಬಿದ್ದಿದೆ. ಬರೆಯಲು ಬಗ್ಗಿದರೆ ತಲೆ ಸಿಡಿಯುತ್ತದೆ.

ನಾನೇ ಮೊದಲ ಬಂಡವಾಳ ಹಾಕಿದ್ದ ಕಂಪನಿಯ ಸ್ಥಾಪಕನನ್ನು ತೆಗೆದುಹಾಕಲು ಇವತ್ತು ಬೋರ್ಡ್ ಸಭೆಯಲ್ಲಿ ಕೈ ಎತ್ತಿದೆವು. ನನ್ನ ಕೈ ಇಳಿಯುವ ಮೊದಲೇ ಅವನು ಎಸೆದ ಗಾಜಿನ ಜಗ್ಗು ಮುಖಕ್ಕೆ ಬಡಿಯಿತು.

"ನಾನು ಕಟ್ಟಿದ್ದು! ನನ್ನನ್ನೇ ಹೊರಗೆ ಹಾಕ್ತೀಯೇನೋ?" ಎಂದು ಕುತ್ತಿಗೆ ಹಿಸುಕಿದ. ನಾನೂ ಬಿಡಲಿಲ್ಲ, ಅವನ ಹೆಬ್ಬೆರಳನ್ನು ರಕ್ತ ಬರುವಂತೆ ಕಚ್ಚಿದೆ.

"ಪೊಲೀಸರಿಗೆ ದೂರು ಕೊಡಿ ಅಂದ್ರೆ ಡೈರಿ ಬರೀತಾ ಕೂತಿದ್ದೀರಲ್ಲ!" ಎಂದು ಹೆಂಡತಿ ರೇಗಿದಳು.

ಏನಂತ ದೂರು ಕೊಡಲಿ? ಬಂಡವಾಳ ಕೇಳಿ ಬಂದವರ ಕೆಲಸವನ್ನು ನಾನು ಮೊದಲು ಕಸವೆಂದು ಹೀಯಾಳಿಸುತ್ತೇನೆ. ತಲೆ ತಗ್ಗಿಸಿದವರಿಗೆ ಬಾಗಿಲು ತೋರಿಸುತ್ತೇನೆ. ಇವನು ಅವತ್ತು ಮೇಜು ಬಿರಿಯುವಂತೆ ಗುದ್ದಿದ್ದ. ಆ ಗುದ್ದಿಗೇ ನಾನು ಮರುಳಾಗಿದ್ದು.

ನಾಳೆ ಬಂಡವಾಳ ಕೇಳಲು ಹೊಸಬಳೊಬ್ಬಳು ಬರುತ್ತಾಳೆ. ಅವಳನ್ನೂ ಕೆಣಕದೆ ಬಿಡುವುದಿಲ್ಲ. ಜಗ್ಗು ಮಾತ್ರ ಪ್ಲಾಸ್ಟಿಕ್ಕಿನದು ತರಿಸಬೇಕು.